ಬಿಸಿಗಾಳಿಯ ಮೂಲ

ನಮ್ಮ ಕನ್ನಡದಲ್ಲಿ ಉಷ್ಣಕ್ಕೆ ಹೆಸರುಗಳು ಹಲವು ಉಂಟು. ಒಲೆಯ ಮುಂದೆ ಕುಳಿತವರ ಮುಖಕ್ಕೆ ತಾಗತಕ್ಕದ್ದು ಝಳ. ಮಳೆಗೆ ಮುಂಚಿನ ಸಂಜೆಯಲ್ಲಿ ಬೆವರಾಗಿ ಮೈಗಂಟುವುದು ಸೆಕೆ. ಚೈತ್ರ ವೈಶಾಖಗಳ ನಡುಹಗಲಿನಲ್ಲಿ ಬಯಲಿನಿಂದ ಎದ್ದುಬರುವುದು ಧಗೆ. ಮೊಟ್ಟೆಗಳಿಗೆ ಕೋಳಿಯು ಕೊಡುವುದು ಕಾವು. ಇಷ್ಟು ನಾಜೂಕಾಗಿ ಬಿಸಿಯನ್ನು ವಿಂಗಡಿಸಬಲ್ಲ ಜನರಾದ ನಾವು, ಮೋಟಾರು ಗಾಡಿಯ ವಿಷಯಕ್ಕೆ ಬಂದಾಗ ಮಾತ್ರ “ಏ.ಸಿ. ಹಾಕಿದರೆ ಬಿಸಿಗಾಳಿ ಬರುತ್ತದೆ” ಎಂಬ ಒಂದೇ ಮಾತಿನಿಂದ ತೃಪ್ತರಾಗಿಬಿಡುತ್ತೇವೆ. ಆ ಒಂದು ಮಾತಿನ ಮರೆಯಲ್ಲಿ ಎರಡು ಬೇರೆ ಬೇರೆ ರೋಗಗಳು ಅಡಗಿರುತ್ತವೆ. ತಂಪು ಬಾರದಿರುವುದು ಒಂದು. ಶಾಖವೇ ಬರುವುದು ಇನ್ನೊಂದು. ಇವೆರಡಕ್ಕೂ ಮದ್ದು ಬೇರೆ, ವೆಚ್ಚ ಬೇರೆ. ಈ ಭೇದವನ್ನು ನಮಗೆ ತೋರಿಸಿಕೊಟ್ಟವನು ದೊಡ್ಡ ಪಟ್ಟಣದ ಯಂತ್ರಜ್ಞನಲ್ಲ. ಮಲೆಯ ಮಹದೇಶ್ವರನ ಬೆಟ್ಟದ ಸೀಮೆಯ ರಾಮಾಪುರದಲ್ಲಿ ಬೈಸಿಕಲ್ಲು, ಮೋಟಾರು ಬೈಕು, ಟ್ರ್ಯಾಕ್ಟರುಗಳನ್ನು ರಿಪೇರಿ ಮಾಡುತ್ತಿರುವ ಒಬ್ಬ ಹುಡುಗ. ಈಗ ಮನೆ ಮನೆಯಲ್ಲಿಯೂ ಹೊಸದೋ ಹಳೆಯದೋ ಒಂದು ಕಾರು ಇರುವ ಕಾಲವಾದುದರಿಂದ, ಆ ವೃತ್ತಾಂತವು ವಾಚಕರಿಗೆ ಉಪಯೋಗಕ್ಕೆ ಬಂದೀತು.

ಮೊದಲು ಯಂತ್ರದ ವಿಚಾರವನ್ನು ಸ್ವಲ್ಪ ಹೇಳಬೇಕು. ಗೃಹಿಣಿಯರು ಹೆದರಬೇಕಾದ್ದಿಲ್ಲ, ಅವರಿಗೆ ಇದರ ತತ್ತ್ವವು ಆಗಲೇ ಗೊತ್ತಿದೆ. ಮಣ್ಣಿನ ಹೂಜಿಯು ಬೆವರಿ ಒಳಗಿನ ನೀರನ್ನು ತಣ್ಣಗೆ ಮಾಡುವುದನ್ನು ಅವರು ಪ್ರತಿ ಬೇಸಗೆಯಲ್ಲಿಯೂ ಕಂಡಿದ್ದಾರೆ. ಸೂಜಿ ಚುಚ್ಚುವ ಮೊದಲು ವೈದ್ಯರು ತೋಳಿಗೆ ಸ್ಪಿರಿಟ್ಟನ್ನು ಒರೆಸಿದಾಗ ಆ ಜಾಗವು ತಣ್ಣಗಾಗುವುದೂ ಅವರಿಗೆ ಗೊತ್ತು. ದ್ರವವು ಆವಿಯಾಗುವಾಗ ತನ್ನ ಸುತ್ತಣ ಶಾಖವನ್ನು ಹೀರಿಕೊಳ್ಳುತ್ತದೆ. ಮೋಟಾರಿನ ಏ.ಸಿ.ಯು ಮಾಡತಕ್ಕದ್ದು ಇಷ್ಟೇ. ಅದರ ಕೊಳವೆಗಳಲ್ಲಿ ಒಂದು ವಿಶೇಷ ದ್ರವ್ಯವಿದೆ. ಪೇಟೆಯಲ್ಲಿ ಎಲ್ಲರೂ ಅದನ್ನು ‘ಗ್ಯಾಸು’ ಎನ್ನುತ್ತಾರೆ. ಬಹುಮಟ್ಟಿಗೆ ನಮ್ಮ ಗಾಡಿಗಳಲ್ಲಿರುವುದು ಆರ್-೧೩೪ಎ ಎಂಬುದು. ನೀರು ೧೦೦ ಡಿಗ್ರಿಯಲ್ಲಿ ಕುದಿದರೆ, ಇದು ಸಾಮಾನ್ಯ ಒತ್ತಡದಲ್ಲಿ ಸೊನ್ನೆಗಿಂತ ೨೬ ಡಿಗ್ರಿ ಕೆಳಗೇ ಕುದಿದುಬಿಡುತ್ತದೆ. ಕಂಪ್ರೆಸರ್ ಎಂಬುದು ಈ ಗ್ಯಾಸನ್ನು ಅದುಮುತ್ತದೆ. ಅದುಮಿದಾಗ ಅದು ಸುಡುವಷ್ಟು ಬಿಸಿಯಾಗುತ್ತದೆ. ಗಾಡಿಯ ಮೂತಿಯಲ್ಲಿರುವ ಕಂಡೆನ್ಸರು ಆ ಶಾಖವನ್ನು ಹೊರಗಿನ ಗಾಳಿಗೆ ಒಪ್ಪಿಸಿ ಗ್ಯಾಸನ್ನು ದ್ರವವಾಗಿಸುತ್ತದೆ. ಆಮೇಲೆ ಒಂದು ಇಕ್ಕಟ್ಟಾದ ರಂಧ್ರದ ಮೂಲಕ ಹಾಯ್ದು, ಚಾಲಕನ ಮುಂದಿನ ಹಲಗೆಯ ಒಳಗಿರುವ ಜಾಲರಿಯಲ್ಲಿ ಮತ್ತೆ ಆವಿಯಾಗುತ್ತದೆ. ಆ ಜಾಲರಿಯೇ ತಂಪಿನ ತವರು. ಫ್ಯಾನು ಅದರ ಮೇಲೆ ಗಾಳಿಯನ್ನು ಬೀಸುತ್ತದೆ. ನಮಗೆ ತಂಪು ಬರುತ್ತದೆ.

ಇದರ ಬೆನ್ನಿಗೇ, ಅದೇ ಪೆಟ್ಟಿಗೆಯೊಳಗೆ, ಇನ್ನೊಂದು ಜಾಲರಿಯಿರುವುದನ್ನು ಬಹು ಮಂದಿ ಅರಿಯರು. ಅದು ಹೀಟರಿನದು. ಎಂಜಿನ್ನನ್ನು ತಣಿಸುವುದಕ್ಕಾಗಿ ಅದರ ಸುತ್ತ ಹರಿದಾಡುವ ನೀರು ಸುಮಾರು ೯೦ ಡಿಗ್ರಿ ಬಿಸಿಯಾಗಿರುತ್ತದೆ. ಆ ನೀರಿನ ಒಂದು ಪಾಲು ಈ ಎರಡನೆಯ ಜಾಲರಿಯಲ್ಲಿಯೂ ಸುತ್ತಿಬರುತ್ತದೆ. ಚಳಿ ದೇಶದವರಿಗೆ ಇದು ಪ್ರಾಣ. ನಮಗೆ ಇದ್ದದ್ದೇ ತಿಳಿಯದು. ಎರಡು ಜಾಲರಿಗಳ ನಡುವೆ ಒಂದು ಪುಟ್ಟ ಕದವಿದೆ. ಗುಂಡಿಯನ್ನು ನೀಲಿಯ ಕಡೆಗೆ ತಿರುಗಿಸಿದರೆ ಕದವು ಬಿಸಿ ಜಾಲರಿಯನ್ನು ಮುಚ್ಚುತ್ತದೆ. ಕೆಂಪಿನ ಕಡೆಗೆ ತಿರುಗಿಸಿದರೆ ತಣ್ಣಗಾದ ಗಾಳಿಯೂ ಬಿಸಿ ಜಾಲರಿಯನ್ನು ಹಾಯ್ದೇ ಬರಬೇಕು. ಹಳೆಯ ಗಾಡಿಗಳಲ್ಲಿ ಈ ಕದವನ್ನು ಎಳೆಯುತ್ತಿದ್ದುದು ಒಂದು ತಂತಿ. ಈಗಿನ ಅನೇಕ ಗಾಡಿಗಳಲ್ಲಿ ಹೆಬ್ಬೆಟ್ಟಿಗಿಂತ ಸ್ವಲ್ಪ ದೊಡ್ಡದಾದ ಒಂದು ವಿದ್ಯುತ್ ಮೋಟಾರು, ಅದರೊಳಗೆ ಪ್ಲಾಸ್ಟಿಕ್ಕಿನ ಹಲ್ಲುಚಕ್ರಗಳು. ಲಕ್ಷಾಂತರ ರೂಪಾಯಿನ ಗಾಡಿಯ ಸುಖವೆಲ್ಲ ಆ ಪ್ಲಾಸ್ಟಿಕ್ಕಿನ ಹಲ್ಲುಗಳ ಮೇಲೆ ನಿಂತಿರುವುದನ್ನು ನೆನೆದರೆ ನಗು ಬರುತ್ತದೆ.

ಕಾರಿನೊಳಗೆ ತಂಪನ್ನು ಮಾರಲು ಮೊದಲು ಮುಂದಾದವರು ಅಮೆರಿಕದ ಪ್ಯಾಕಾರ್ಡ್ ಸಂಸ್ಥೆಯವರು, ೧೯೩೯ನೆಯ ಇಸವಿಯಲ್ಲಿ. ಅವರ ಯಂತ್ರವು ಗಾಡಿಯ ಹಿಂದಿನ ಪೆಟ್ಟಿಗೆಯ ಬಹುಭಾಗವನ್ನು ನುಂಗಿತ್ತು. ತಂಪು ಸಾಕೆನ್ನಿಸಿದರೆ ಗಾಡಿಯನ್ನು ನಿಲ್ಲಿಸಿ, ಮುಂದಿನ ಮುಚ್ಚಳವನ್ನೆತ್ತಿ, ಕಂಪ್ರೆಸರಿನ ಪಟ್ಟಿಯನ್ನು ಕೈಯಿಂದ ಕಳಚಬೇಕಾಗಿತ್ತು. ಆ ಏರ್ಪಾಡು ಬಹುಕಾಲ ಬಾಳಲಿಲ್ಲ. ಆದರೆ ಆ ಗಾಡಿಯಲ್ಲಿ ಕೆಟ್ಟದ್ದು ಯಾವುದೆಂಬುದು ಕಣ್ಣಿಗೆ ಕಾಣುತ್ತಿದ್ದಿರಬೇಕು. ಈಗ ಎಲ್ಲವೂ ಹಲಗೆಯ ಹಿಂದೆ ಮಾಯವಾಗಿ, ಒಂದು ಗುಂಡಿ ಮಾತ್ರ ನಮ್ಮ ಪಾಲಿಗೆ ಉಳಿದಿದೆ.

ಇನ್ನು ನಮ್ಮ ಗಾಡಿಯ ಮಾತು. ಒಂಬತ್ತು ವರ್ಷದ್ದು; ಎರಡನೆಯ ಕೈಯಿಂದ ಕೊಂಡದ್ದು. ೨೦೨೪ರ ಬೇಸಗೆಯು ಕರ್ಣಾಟಕದಲ್ಲೆಲ್ಲ ಎಂತಹ ಬೇಸಗೆಯಾಗಿತ್ತೆಂಬುದನ್ನು ಯಾರೂ ಮರೆತಿರಲಾರರು. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು; ಬಾವಿಗಳು ಬತ್ತಿದ್ದವು; ಬೆಂಗಳೂರಿನಂತಹ ಊರಿನಲ್ಲಿಯೂ ಜನರು ನೀರಿಗಾಗಿ ಪರದಾಡುತ್ತಿದ್ದರು. ಆ ಬೇಸಗೆಯ ಮೊದಲಲ್ಲಿಯೇ ನಮ್ಮ ಗಾಡಿಯ ಏ.ಸಿ.ಯು ಬಿಸಿಗಾಳಿಯನ್ನು ಊದತೊಡಗಿತು. ಮೈಸೂರಿನ ಒಂದು ಕಾರ್ಖಾನೆಯವರು ನೋಡಿ, ಗ್ಯಾಸು ಮುಗಿದಿದೆಯೆಂದು ತುಂಬಿಸಿದರು. ಹದಿನೈದು ದಿನಕ್ಕೆ ಮತ್ತೆ ತುಂಬಿಸಿದರು. ಬಿಸಿಗಾಳಿ ನಿಲ್ಲಲಿಲ್ಲ. ಮೂರನೆಯ ಸಲ ಹೋದಾಗ, ಕಂಪ್ರೆಸರೇ ಹೋಗಿದೆ, ಹೊಸದನ್ನು ಹಾಕಬೇಕು, ಕೂಲಿ ಸಹಿತ ೩೪,೦೦೦ ರೂಪಾಯಿ ಆಗುತ್ತದೆ ಎಂದು ಚೀಟಿ ಬರೆದುಕೊಟ್ಟರು.

ಮನೆಯಲ್ಲಿ ಅಷ್ಟು ಹಣ ಇರಲಿಲ್ಲವೆಂದಲ್ಲ, ಇತ್ತು. ಅದು ನಮ್ಮ ತಾಯಿಯವರ ಕಣ್ಣಿನದು. ಅವರಿಗೆ ಆಗ ಎಪ್ಪತ್ತೊಂಬತ್ತು ವರ್ಷ. ಎರಡು ಕಣ್ಣಿಗೂ ಪೊರೆ ಬಂದು, ಎದುರಿಗೆ ನಿಂತವರನ್ನು ದನಿಯಿಂದ ಗುರುತಿಸುವ ಸ್ಥಿತಿಗೆ ಬಂದಿದ್ದರು. ಬಲಗಣ್ಣಿಗೆ ಶಸ್ತ್ರಚಿಕಿತ್ಸೆಯನ್ನು ಮಾಡಿಸುವುದೆಂದು ನಿಶ್ಚಯವಾಗಿ, ಹಣವನ್ನು ಬೇರೆಯಾಗಿ ತೆಗೆದಿಟ್ಟಿತ್ತು. ಕಾರ್ಖಾನೆಯ ಚೀಟಿಯ ಸುದ್ದಿಯನ್ನು ಯಾರೂ ಅವರಿಗೆ ಹೇಳಲಿಲ್ಲ. ಆದರೆ ಕಣ್ಣು ಮಂದವಾದವರಿಗೆ ಕಿವಿ ಚುರುಕು. ಮರುದಿನ ಬೆಳಗ್ಗೆ ಕಾಫಿಯ ಲೋಟವನ್ನು ಕೆಳಗಿಡುತ್ತ, “ನನ್ನ ಕಣ್ಣಿಗೇನು ಅವಸರ? ಬೀಳೋ ವಯಸ್ಸಲ್ಲಿ ನೋಡಬೇಕಾದ್ದೇನಿದೆ? ಗಾಡಿ ಮಾಡಿಸಿ, ನಾಲ್ಕು ಜನ ಓಡಾಡೋದು,” ಎಂದರು. ತ್ಯಾಗವೆಂಬ ಭಾವವೇ ಆ ದನಿಯಲ್ಲಿರಲಿಲ್ಲ. ಬೇಳೆ ಮುಗಿದಿದೆ, ತರಿಸಿ ಎನ್ನುವಂತೆ ಹೇಳಿದರು. ನಮ್ಮ ಮನೆಯಲ್ಲಿ ಆ ದಿನ ಯಾರಿಗೂ ಊಟ ಸೇರಲಿಲ್ಲ. ಹಣವನ್ನು ಮುಟ್ಟಲಿಲ್ಲ, ಆದರೆ ಅವರು ಒಮ್ಮೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳತಕ್ಕವರೂ ಅಲ್ಲ. ಆಸ್ಪತ್ರೆಗೆ ದಿನ ಗೊತ್ತು ಮಾಡೋಣವೆಂದಾಗಲೆಲ್ಲ “ಗಾಡಿ ಆಯಿತೆ?” ಎಂದು ಕೇಳಿ ಸುಮ್ಮನಾಗುತ್ತಿದ್ದರು.

ಹೀಗಿರಲಾಗಿ, ರಾಮಾಪುರದಿಂದ ನಮ್ಮ ತಂಗಿಯ ಕರೆ ಬಂದಿತು. ಅವಳ ಮಗಳು ಬಾಣಂತನಕ್ಕೆ ತವರಿಗೆ ಬಂದಿದ್ದಳು, ಮಗುವಿಗೆ ನಾಮಕರಣ. ನಮ್ಮ ತಾಯಿಯವರು ಮುತ್ತಜ್ಜಿಯಾಗಿದ್ದರು. ಮರಿಮಗುವನ್ನು ತೊಡೆಯ ಮೇಲೆ ಮಲಗಿಸಿಕೊಳ್ಳದೆ ಇರುವುದುಂಟೆ? ಬಸ್ಸಿನ ಮೆಟ್ಟಿಲನ್ನು ಹತ್ತಲು ಮೊಣಕಾಲು ಒಪ್ಪದು. ಕಾರಿನಲ್ಲಿಯೇ ಹೋಗುವುದೆಂದಾಯಿತು. ತಂಪಿನ ವೇಳೆಯಲ್ಲಿ ಊರನ್ನು ಬಿಡಬೇಕೆಂಬ ಏರ್ಪಾಡನ್ನು ಹೂವಿನವನು ಕೆಡಿಸಿದನು. ಹೊರಟಾಗ ಎಂಟು ಗಂಟೆ ದಾಟಿತ್ತು.

ಮೈಸೂರಿನಿಂದ ರಾಮಾಪುರಕ್ಕೆ ನೂರು ಕಿಲೋಮೀಟರಿನ ಆಚೀಚೆ ಹಾದಿ. ಕಾವೇರಿ ಕಪಿಲೆಗಳು ಕೂಡುವ ತಿರುಮಕೂಡಲು ನರಸೀಪುರದವರೆಗೆ ಎರಡು ಕಡೆಗೂ ಗದ್ದೆಯ ಹಸುರು ಇರುವ ಸೀಮೆ. ಕೊಳ್ಳೇಗಾಲವನ್ನು ದಾಟಿ ಹನೂರಿನ ಕಡೆಗೆ ತಿರುಗಿದರೆ ನೆಲದ ಬಣ್ಣವೇ ಬದಲಾಗುತ್ತದೆ. ಮಳೆಯನ್ನು ನೆಚ್ಚಿದ ಹೊಲಗಳು. ರಾಗಿ, ಮುಸುಕಿನ ಜೋಳ. ದೂರದಲ್ಲಿ ಒಂದರ ಹಿಂದೊಂದು ನಿಂತ ಒಣ ಬೆಟ್ಟಗಳು. ಈ ಸೀಮೆಯು ೧೯೫೬ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ರಾಮಾಪುರದಿಂದ ಮುಂದಕ್ಕೆ ಹೋದ ರಸ್ತೆಯು ಕಾಡನ್ನು ಹಾಯ್ದು ಬರಗೂರು, ಅಂದಿಯೂರುಗಳ ಕಡೆಗೆ ತಮಿಳುನಾಡಿಗೆ ಇಳಿಯುತ್ತದೆ. ಆದಕಾರಣ ಇಲ್ಲಿಯ ಹುಡುಗರು ಕಸುಬು ಕಲಿಯಲು ಮೈಸೂರಿಗೆ ಹೋಗುವಷ್ಟೇ ಸಹಜವಾಗಿ ಈರೋಡಿಗೂ ಹೋಗುತ್ತಾರೆ. ಊರಿನ ಅಂಗಡಿ ಬೀದಿಯಲ್ಲಿ ಎರಡು ಭಾಷೆಗಳೂ ಕಿವಿಗೆ ಬೀಳುತ್ತವೆ.

ಹನೂರನ್ನು ಬಿಡುವ ಹೊತ್ತಿಗೆ ಬಿಸಿಲು ನೆತ್ತಿಗೆ ಏರುತ್ತಲಿತ್ತು. ಕಿಟಕಿಗಳನ್ನು ತೆರೆದರೆ ಹೊರಗಿನ ಧಗೆ; ಮುಚ್ಚಿ ಏ.ಸಿ. ಹಾಕಿದರೆ ಒಳಗಿನ ಝಳ. ಗಾಡಿಯನ್ನು ನಡೆಸುತ್ತಿದ್ದ ನಮ್ಮ ಮಗನು, ದೇವರ ದಯದಿಂದ ಇಂದಾದರೂ ಸರಿಹೋದೀತೆಂದು, ಮೂರು ನಾಲ್ಕು ಸಲ ಗುಂಡಿಯನ್ನು ತಿರುಗಿಸಿ ನೋಡಿದನು. ಹಾಗೆ ತಿರುಗಿಸಿದಾಗಲೆಲ್ಲ ಮುಂದಿನ ಆಸನದಲ್ಲಿ ಕುಳಿತಿದ್ದ ನಮ್ಮ ತಾಯಿಯವರು ಬೆರಳಿನಿಂದ ಬಾಗಿಲನ್ನು ತಟ್ಟಿ “ಕೃಷ್ಣ ಕೃಷ್ಣ” ಎನ್ನುತ್ತಿದ್ದರು. ಏಕೆಂದು ಕೇಳಿದರೆ, “ಈ ಡಬ್ಬಿಯ ಒಳಗೆ ಹಲ್ಲಿ ಇದೆ, ಲೊಚಗುಟ್ಟುತ್ತೆ, ನಿಮಗೆ ಕೇಳಿಸೊಲ್ಲವೆ?” ಎಂದರು. ಮಾರ್ಚಿಯಿಂದಲೂ ಅವರು ಈ ಮಾತನ್ನು ಹೇಳುತ್ತಲೇ ಬಂದಿದ್ದರು. ಕಾರ್ಖಾನೆಯವರ ಎದುರಿಗೂ ಹೇಳಿದ್ದರು. ಅವರು ನಕ್ಕು, ಹಲ್ಲಿಯನ್ನು ಓಡಿಸಲು ಬೇರೆ ಬಿಲ್ಲು ಹಾಕುವುದಿಲ್ಲವೆಂದು ವಿನೋದ ಮಾಡಿದ್ದರು.

ರಾಮಾಪುರವನ್ನು ಮುಟ್ಟಿದಾಗ ತಾಯಿಯವರ ಮುಖ ಕೆಂಪಡರಿತ್ತು, ಮಾತು ತೊದಲಿತ್ತು. ಬಾಗಿಲಲ್ಲಿ ಆರತಿಯನ್ನು ಹಿಡಿದು ನಿಂತಿದ್ದ ನಮ್ಮ ತಂಗಿಯು ತಟ್ಟೆಯನ್ನು ಕೆಳಗಿಟ್ಟು ಓಡಿಬಂದಳು. ಒದ್ದೆ ಬಟ್ಟೆಯಿಂದ ಕುತ್ತಿಗೆ ಕಂಕುಳುಗಳನ್ನು ಒರೆಸಿ, ನೆರಳಿನಲ್ಲಿ ಮಲಗಿಸಿ, ಚೇತರಿಸಿಕೊಂಡ ಮೇಲೆ ಉಪ್ಪು ಹಾಕಿದ ನೀರು ಮಜ್ಜಿಗೆಯನ್ನು ಗುಟುಕು ಗುಟುಕಾಗಿ ಕುಡಿಸಿದರು. ನೋಡಲು ಬಂದ ವೈದ್ಯರು, ಇನ್ನೊಂದು ಅರ್ಧ ಗಂಟೆ ಆ ಗಾಡಿಯಲ್ಲಿ ಕುಳಿತಿದ್ದರೆ ತಾವು ಮಜ್ಜಿಗೆಯ ಮಾತನ್ನು ಆಡುತ್ತಿರಲಿಲ್ಲವೆಂದರು. ವಯಸ್ಸಾದವರಿಗೆ ಬಾಯಾರಿಕೆಯ ಅರಿವು ಕುಗ್ಗಿರುತ್ತದೆ, ಬೆವರೂ ಕಡಮೆ. ರಕ್ತದ ಒತ್ತಡಕ್ಕೆಂದು ಕೊಡುವ ಕೆಲವು ಮಾತ್ರೆಗಳು ಮೈಯ ನೀರನ್ನು ಇಳಿಸುತ್ತವೆ. ಗಾಳಿಯ ಶಾಖವು ೪೦ ಡಿಗ್ರಿಯನ್ನು ದಾಟಿದ ಮೇಲೆ ಫ್ಯಾನಿನ ಗಾಳಿಯು ದೇಹವನ್ನು ತಣಿಸುವ ಬದಲು ಕಾಯಿಸುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಎಚ್ಚರಿಕೆ ಕೊಟ್ಟಿದ್ದಾರೆ. ಬಿಸಿಲಿನಲ್ಲಿ ಕಿಟಕಿ ಮುಚ್ಚಿ ನಿಲ್ಲಿಸಿದ ಗಾಡಿಯ ಒಳಗಂತೂ ಒಂದು ಗಂಟೆಯೊಳಗೆ ಹೊರಗಿಗಿಂತ ಇಪ್ಪತ್ತು ಡಿಗ್ರಿಗೂ ಮೀರಿ ಶಾಖವೇರಬಹುದು. ಮಗುವನ್ನಾಗಲಿ ಮುದುಕರನ್ನಾಗಲಿ “ಎರಡೇ ನಿಮಿಷ” ಎಂದು ಅದರೊಳಗೆ ಬಿಟ್ಟು ಹೋಗುವುದು ಕೊಲೆಗೆ ಸಮಾನವೆಂದು ನಾವು ತಿಳಿದಿದ್ದೇವೆ.

ಸಂಜೆಯ ಹೊತ್ತಿಗೆ ತಾಯಿಯವರು ಎದ್ದು ಕುಳಿತರು. ಮಗುವನ್ನು ತೊಡೆಯ ಮೇಲೆ ಹಾಕಿಸಿಕೊಂಡು, ಮುಖವನ್ನು ಹತ್ತಿರ ಹತ್ತಿರಕ್ಕೆ ತಂದು ನೋಡಿ, ಕೊನೆಗೆ ಬೆರಳಿನಿಂದ ಮೂಗು ಹುಬ್ಬುಗಳನ್ನು ಸವರಿ, “ಅವರ ಅಜ್ಜನ ಮೂಗು” ಎಂದರು. ಮಗುವಿನ ಮುಖವು ಅವರಿಗೆ ಕಂಡಿರಲಿಲ್ಲವೆಂಬುದು ಅಲ್ಲಿದ್ದ ಎಲ್ಲರಿಗೂ ತಿಳಿಯಿತು.

ನಮ್ಮ ತಂಗಿಯ ಯಜಮಾನರು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಅವರು ಆ ರಾತ್ರಿಯೇ ಚೀಟಿಯ ಕಥೆಯನ್ನು ಕೇಳಿ ತಿಳಿದು, ಮರುದಿನ ಮಧ್ಯಾಹ್ನ ತಮ್ಮ ಹಳೆಯ ಶಿಷ್ಯನೊಬ್ಬನನ್ನು ಕರೆದುತಂದರು. ಇಪ್ಪತ್ತಾರು ಇಪ್ಪತ್ತೇಳರ ಹುಡುಗ. ಈರೋಡಿನಲ್ಲಿ ನಾಲ್ಕು ವರ್ಷ ಕೆಲಸ ಕಲಿತು ಬಂದವನು. ಅವನು ಬಂದೊಡನೆ ಸ್ಪ್ಯಾನರನ್ನು ಕೈಗೆತ್ತಿಕೊಳ್ಳಲಿಲ್ಲ. ಒಂದು ಪ್ರಶ್ನೆಯನ್ನು ಕೇಳಿದನು: “ಬರೋ ಗಾಳಿ ಆಚೆ ಗಾಳಿಯಷ್ಟೇ ಬಿಸಿಯಾ, ಇಲ್ಲ ಅದಕ್ಕಿಂತ ಜಾಸ್ತಿ ಬಿಸಿಯಾ?”

ಆರು ವಾರಗಳಿಂದ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಮೇಷ್ಟ್ರು ಶಾಲೆಯ ಪ್ರಯೋಗಶಾಲೆಯಿಂದ ಒಂದು ಉಷ್ಣಮಾಪಕವನ್ನು ತರಿಸಿದರು. ಬೇವಿನ ಮರದ ನೆರಳಿನಲ್ಲಿ ೩೮ ಡಿಗ್ರಿ. ಎಂಜಿನ್ನನ್ನು ನಡೆಸಿ, ಗುಂಡಿಯನ್ನು ಪೂರ್ತಿ ನೀಲಿಗೆ ತಿರುಗಿಸಿ, ಏ.ಸಿ. ಹಾಕಿ, ಗಾಳಿ ಬರುವ ಕಿಂಡಿಯಲ್ಲಿ ಹಿಡಿದರೆ ೫೫! ಹುಡುಗನು ತಲೆಯಾಡಿಸಿದನು. “ಮೇಷ್ಟ್ರೇ, ಗ್ಯಾಸ್ ಇಲ್ದೆ ಇದ್ರೆ, ಕಂಪ್ರೆಸರ್ ಹೋಗಿದ್ರೆ, ಆಚೆ ಗಾಳಿ ಹೆಂಗದೋ ಹಂಗೇ ಒಳಕ್ಕೆ ಬರಬೇಕು. ಅದಕ್ಕಿಂತ ಬಿಸಿ ಬತ್ತಾ ಅದೆ ಅಂದ್ರೆ ಒಳಗೆ ಯಾರೋ ಒಲೆ ಹಚ್ಚವ್ರೆ.”

ಅವನ ಈ ಮಾತಿನಲ್ಲಿ ಇಡೀ ವಿದ್ಯೆಯು ಅಡಗಿದೆಯೆಂದು ನಮಗೆ ತೋರುತ್ತದೆ. ಸಾರಿಗೆ ಉಪ್ಪು ಹಾಕದಿದ್ದರೆ ಅದು ಸಪ್ಪೆಯಾದೀತು; ಕಹಿಯಾಗಲಾರದು. ಕಹಿಯಾಗಿದ್ದರೆ ಯಾವುದೋ ಕಹಿ ಪದಾರ್ಥವು ಒಳಗೆ ಬಿದ್ದಿದೆ. ಆಗ ಉಪ್ಪನ್ನು ಹಾಕುತ್ತ ಹೋದರೆ ಪ್ರಯೋಜನವೇನು?

ಆಮೇಲೆ ಅವನು ಮುಂದಿನ ಮುಚ್ಚಳವನ್ನು ಎತ್ತಿದನು. ಹೆಂಗಸರನ್ನು ದೂರ ನಿಲ್ಲಿಸಿದನು; ರೇಡಿಯೇಟರಿನ ಫ್ಯಾನು ಯಾವ ಕ್ಷಣದಲ್ಲಾದರೂ ತನ್ನಷ್ಟಕ್ಕೆ ತಿರುಗತೊಡಗಬಹುದು, ಸೆರಗು ಜಡೆಗಳಿಗೆ ಅಪಾಯ. ಏ.ಸಿ.ಗೆ ಎರಡು ಲೋಹದ ಕೊಳವೆಗಳು ಹೋಗುತ್ತವೆ: ಒಂದು ಸಪುರ, ಒಂದು ದಪ್ಪ. ಸಪುರವಾದದ್ದು ಬಿಸಿಯಾಗಿತ್ತು. ದಪ್ಪ ಕೊಳವೆಯನ್ನು ಮುಟ್ಟಿ ನೋಡೆಂದು ನಮ್ಮ ಮಗನಿಗೆ ಹೇಳಿದನು. ಅದು ಹಿಮದಂತೆ ತಣ್ಣಗಿದ್ದು, ಹೂಜಿಯ ಹಾಗೆ ಬೆವರುತ್ತಿತ್ತು. ಕಂಪ್ರೆಸರು ಸತ್ತಿದ್ದರೆ ಈ ಬೆವರು ಎಲ್ಲಿಯದು? ತಂಪು ಹುಟ್ಟುತ್ತಿದೆ, ಹುಟ್ಟಿದ ತಂಪನ್ನು ದಾರಿಯಲ್ಲಿ ಯಾರೋ ಕಾಯಿಸುತ್ತಿದ್ದಾರೆ. ಎಂಜಿನ್ನಿನ ಹಿಂದಿನ ಗೋಡೆಯನ್ನು ತೂರಿ ಒಳಕ್ಕೆ ಹೋಗುವ ಎರಡು ರಬ್ಬರಿನ ಕೊಳವೆಗಳನ್ನು ತೋರಿಸಿದನು. ಹೀಟರಿನ ಜಾಲರಿಗೆ ಬಿಸಿನೀರನ್ನು ಒಯ್ದು ತರುವ ಕೊಳವೆಗಳು ಅವು. ಎರಡೂ ಕೈಯಿಡಲಾರದಷ್ಟು ಸುಡುತ್ತಿದ್ದವು. ಎಂಜಿನ್ನನ್ನು ನಿಲ್ಲಿಸಿ, ನೀರು ಒಳಕ್ಕೆ ಹೋಗುವ ಕೊಳವೆಗೆ ಬಟ್ಟೆಯನ್ನು ಸುತ್ತಿ, ಕಚ್ಚಿ ಹಿಡಿಯುವ ಇಕ್ಕಳದಿಂದ ಅದನ್ನು ಹಿಸುಕಿ ಬಿಗಿದನು. ಬಿಸಿನೀರಿನ ದಾರಿ ಕಟ್ಟಿತು. ಮತ್ತೆ ಎಂಜಿನ್ನನ್ನು ನಡೆಸಿ, ಎಲ್ಲರೂ ಕಿಂಡಿಯ ಉಷ್ಣಮಾಪಕವನ್ನು ನೋಡುತ್ತ ನಿಂತೆವು. ೫೫, ೪೬, ೩೫. ಕಾಲು ಗಂಟೆಯಲ್ಲಿ ೧೭ಕ್ಕೆ ಇಳಿಯಿತು. ಮೇಷ್ಟ್ರು ತಮ್ಮ ಶಿಷ್ಯನ ಬೆನ್ನನ್ನು ತಟ್ಟಲಿಲ್ಲ. ಕನ್ನಡಕವನ್ನು ತೆಗೆದು ಒರೆಸಿಕೊಂಡರು.

ತಪ್ಪು ಕದದಲ್ಲಿದೆಯೆಂಬುದು ಇಷ್ಟರಿಂದ ಸಿದ್ಧವಾಯಿತು. ಆದರೆ ಕದವೇ ಸಿಕ್ಕಿಕೊಂಡಿದೆಯೋ ಅದನ್ನು ತಿರುಗಿಸುವ ಮೋಟಾರು ಕೆಟ್ಟಿದೆಯೋ? ಆಗ ಜಗಲಿಯ ಮೇಲೆ ಕುಳಿತಿದ್ದ ನಮ್ಮ ತಾಯಿಯವರು, “ಹಲ್ಲಿಯ ವಿಷಯ ಆ ಹುಡುಗನಿಗೆ ಹೇಳಿದಿರಾ?” ಎಂದರು. ಹುಡುಗನು ನಗಲಿಲ್ಲ. ಹತ್ತಿರ ಬಂದು, “ಯಾವಾಗ ಲೊಚಗುಟ್ತದೆ ಅವ್ವ? ಗಾಡಿ ಓಡುವಾಗಲೋ, ಗುಂಡಿ ತಿರುಗಿಸಿದಾಗಲೋ?” ಎಂದು ಕೇಳಿದನು. “ತಿರುಗಿಸಿದಾಗ. ಎಂಟು ಹತ್ತು ಸಲ. ಆಮೇಲೆ ಸುಮ್ಮನಾಗುತ್ತೆ.” ಅವನು ಮುಂದಿನ ಆಸನದ ಕೆಳಗೆ ತಲೆಯನ್ನು ತೂರಿಸಿ ಅಂಗಾತ ಮಲಗಿ, ನಮ್ಮ ಮಗನಿಗೆ ಗುಂಡಿಯನ್ನು ತಿರುಗಿಸಲು ಹೇಳಿದನು. ಟಕ್, ಟಕ್, ಟಕ್ ಎಂದು ಸದ್ದಾಯಿತು. ಹಲ್ಲುಚಕ್ರವು ತಿರುಗಲು ಹೋಗಿ, ಹಲ್ಲಿಲ್ಲದ ಜಾಗದಲ್ಲಿ ಜಾರಿ ಜಾರಿ ಬೀಳುವ ಸದ್ದು. ಕೈಪೆಟ್ಟಿಗೆಯನ್ನು ಕಳಚಿ, ಮೂರು ತಿರುಪುಗಳನ್ನು ಬಿಚ್ಚಿ, ಆ ಪುಟ್ಟ ಮೋಟಾರನ್ನು ಹೊರಕ್ಕೆ ತೆಗೆದನು. ಒಳಗಿನ ಚಕ್ರದಲ್ಲಿ ಮೂರು ಹಲ್ಲು ಮುರಿದಿದ್ದವು. “ಅವ್ವಾ, ನಿಮ್ಮ ಹಲ್ಲಿ ಸಿಕ್ತು,” ಎಂದು ಅದನ್ನು ತಾಯಿಯವರ ಅಂಗೈಯಲ್ಲಿಟ್ಟನು. ಕಣ್ಣಿಗೆ ಕಾಣದಿದ್ದರೂ ಅವರು ಹೆಬ್ಬೆರಳಿನಿಂದ ಸವರಿ ಹಲ್ಲುಗಳನ್ನು ಎಣಿಸಿದರು.

ಹೊಸ ಮೋಟಾರು ರಾಮಾಪುರದಲ್ಲಿ ಸಿಕ್ಕತಕ್ಕದ್ದಲ್ಲ. ಅವನು ಕದದ ಕಡ್ಡಿಯನ್ನು ಕೈಯಿಂದಲೇ ತಂಪಿನ ಕಡೆಗೆ ಪೂರ್ತಿ ತಿರುಗಿಸಿ, ಒಂದು ತಂತಿಯಿಂದ ಬಿಗಿದು ಕಟ್ಟಿ, ರಬ್ಬರು ಕೊಳವೆಯ ಇಕ್ಕಳವನ್ನು ಬಿಚ್ಚಿದನು. ಬಿಸಿನೀರು ಮೊದಲಿನಂತೆ ಹರಿಯಿತು. ಕಿಂಡಿಯಲ್ಲಿ ೧೧ ಡಿಗ್ರಿ. ಕೂಲಿ ಎಷ್ಟೆಂದು ಕೇಳಿದರೆ ಮೇಷ್ಟ್ರ ಮುಖವನ್ನು ನೋಡಿ ತಲೆ ತಗ್ಗಿಸಿದನು. ಬಲವಂತ ಮಾಡಿ ಐನೂರು ರೂಪಾಯಿಯನ್ನು ಜೇಬಿನಲ್ಲಿ ತುರುಕಬೇಕಾಯಿತು. ಹೋಳಿಗೆಯನ್ನು ಮಾತ್ರ ಸಂಕೋಚವಿಲ್ಲದೆ ತಿಂದನು.

ವಾಚಕರಲ್ಲಿ ಕೆಲವರ ಗಾಡಿಗೆ ಇದರ ಎದುರು ರೋಗವಿರಬಹುದು. ಕಿಂಡಿಯ ಗಾಳಿಯು ಹೊರಗಿನಷ್ಟೇ ಬಿಸಿಯಾಗಿದ್ದು, ದಪ್ಪ ಕೊಳವೆಯೂ ಬೆಚ್ಚಗಿದ್ದರೆ ತಂಪೇ ಹುಟ್ಟುತ್ತಿಲ್ಲವೆಂದು ಅರ್ಥ. ಆಗಲೂ ಒಮ್ಮೆಗೇ ಗ್ಯಾಸಿಗೆ ಹೋಗಬಾರದು. ಏ.ಸಿ. ಹಾಕಿದೊಡನೆ ಕಂಪ್ರೆಸರಿನಲ್ಲಿ ‘ಟಕ್’ ಎಂದು ಹಿಡಿತ ಕೂಡುವ ಸದ್ದು ಸಾಮಾನ್ಯವಾಗಿ ಕೇಳಿಸುತ್ತದೆ. ಕೇಳಿಸದಿದ್ದರೆ ಮೊದಲು ನೋಡತಕ್ಕದ್ದು ಫ್ಯೂಸು ಮತ್ತು ರಿಲೇ ಎಂಬ ಅಗ್ಗದ ಸಾಮಾನುಗಳನ್ನು. ಗಾಡಿ ಓಡುವಾಗ ತಂಪು, ನಿಂತಾಗ ಬಿಸಿಯಾದರೆ ಮುಂದಿನ ಫ್ಯಾನನ್ನೂ ಕಂಡೆನ್ಸರಿಗೆ ಮೆತ್ತಿದ ಧೂಳನ್ನೂ ಶಂಕಿಸಬೇಕು. ಇವೆಲ್ಲ ಸರಿಯಿದ್ದರೆ ಗ್ಯಾಸು. ಗ್ಯಾಸೆಂಬುದು ಪೆಟ್ರೋಲಿನಂತೆ ಉರಿದು ಖರ್ಚಾಗತಕ್ಕದ್ದಲ್ಲ. ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತಲೇ ಇರುತ್ತದೆ. ಬೇಗ ಕಡಮೆಯಾಗಿದ್ದರೆ ಎಲ್ಲಿಯೋ ಸೋರಿದೆ. ಸೋರುವ ಕೊಡಕ್ಕೆ ನೀರು ಸುರಿಯುವವರಿಗೆ ಹಣವನ್ನು ಕೊಡುವ ಮೊದಲು, ತೂತು ಎಲ್ಲಿದೆಯೆಂದು ಕೇಳುವ ಹಕ್ಕು ಕೊಡದ ಯಜಮಾನನಿಗೆ ಇದೆ.

ಸೋರಿದ ಗ್ಯಾಸು ಎಲ್ಲಿಗೆ ಹೋಗುತ್ತದೆಂಬುದನ್ನೂ ಯೋಚಿಸತಕ್ಕದ್ದು. ಮೊದಲು ಬಳಸುತ್ತಿದ್ದ ಫ್ರಿಯಾನು ಆಕಾಶದ ಓಝೋನ್ ಪದರವನ್ನು ಕೆಡಿಸಬಲ್ಲದೆಂದು ಮೊಲಿನ ಮತ್ತು ರೋಲೆಂಡ್ ಎಂಬ ವಿಜ್ಞಾನಿಗಳು ೧೯೭೪ರಲ್ಲಿ ತೋರಿಸಿದರು; ೧೯೮೭ರ ಮಾಂಟ್ರಿಯಲ್ ಒಪ್ಪಂದದ ತರುವಾಯ ಅದು ಹಿಂದಕ್ಕೆ ಸರಿಯಿತು. ಅದರ ಜಾಗಕ್ಕೆ ಬಂದ ಆರ್-೧೩೪ಎ ಓಝೋನಿಗೆ ಹಾನಿ ಮಾಡದು. ಆದರೆ ನೂರು ವರ್ಷಗಳ ಲೆಕ್ಕದಲ್ಲಿ, ತೂಕಕ್ಕೆ ತೂಕ, ಇಂಗಾಲಾಮ್ಲಕ್ಕಿಂತ ಸುಮಾರು ೧೪೦೦ ಪಟ್ಟು ಹೆಚ್ಚಾಗಿ ಭೂಮಿಯನ್ನು ಕಾಯಿಸುತ್ತದೆ. ನಮ್ಮ ಗಾಡಿಯನ್ನು ತಣಿಸಲು ತುಂಬಿಸಿದ್ದು ನಮ್ಮ ಬೇಸಗೆಗೇ ಸೌದೆಯಾಗುವುದು ವಿಚಿತ್ರವಲ್ಲವೆ?

ಹೀಟರನ್ನು ಇಷ್ಟು ಬಯ್ದ ಮೇಲೆ ಅದರ ಒಂದು ಗುಣವನ್ನು ಹೇಳದಿರುವುದು ಅನ್ಯಾಯ. ಆ ಸೀಮೆಯಿಂದ ತಾಳಬೆಟ್ಟವನ್ನು ಹತ್ತಿ ಮಹದೇಶ್ವರನ ಬೆಟ್ಟಕ್ಕೆ ಹೋಗುವ ಗಾಡಿಗಳಲ್ಲಿ, ತಿರುವು ಏರುಗಳ ನಡುವೆ ಎಂಜಿನ್ನು ಕಾದು ಉಷ್ಣದ ಮುಳ್ಳು ಕೆಂಪಿಗೆ ಹತ್ತಿರವಾದರೆ, ತಿಳಿದ ಡ್ರೈವರುಗಳು ಏ.ಸಿ.ಯನ್ನು ಆರಿಸಿ, ಕಿಟಕಿಗಳನ್ನು ತೆರೆದು, ಹೀಟರನ್ನು ಪೂರ್ತಿಯಾಗಿ ಹಾಕುತ್ತಾರೆ. ಎಂಜಿನ್ನಿನ ಶಾಖದ ಒಂದು ಪಾಲು ಗಾಡಿಯೊಳಕ್ಕೆ ಬಂದು ಬಿಡುತ್ತದೆ. ಕುಳಿತವರು ಬೆಂದರೂ ಎಂಜಿನ್ನು ಉಳಿಯುತ್ತದೆ. ಅಷ್ಟರಲ್ಲಿ ನಿಲ್ಲಿಸಲು ಸ್ಥಳ ಸಿಕ್ಕಿದರೆ ನಿಲ್ಲಿಸಿ ಆರಲು ಬಿಡತಕ್ಕದ್ದು. ಕಾದ ರೇಡಿಯೇಟರಿನ ಬಿರಡೆಯನ್ನು ಮಾತ್ರ ಯಾವ ಕಾರಣಕ್ಕೂ ತೆರೆಯಬಾರದು. ಒಳಗಿನ ನೀರು ಚಿಮ್ಮಿ ಮುಖವನ್ನು ಸುಟ್ಟೀತು.

ಮೂರನೆಯ ದಿನ ನಾವು ಮೈಸೂರಿಗೆ ಹಿಂದಿರುಗಿದೆವು. ಹನೂರು ದಾಟುವ ಮೊದಲೇ ತಾಯಿಯವರು ಚಳ ಚಳ ಎಂದು ಶಾಲನ್ನು ಹೊದ್ದುಕೊಂಡು, “ಆ ಆಸ್ಪತ್ರೆಯವರು ಯಾವತ್ತು ಬರಹೇಳಿದಾರೆ?” ಎಂದು ತಾವಾಗಿಯೇ ಕೇಳಿದರು. ಜೂನ್ ತಿಂಗಳಲ್ಲಿ ಬಲಗಣ್ಣಿನ ಪೊರೆಯನ್ನು ತೆಗೆಸಿದ್ದಾಯಿತು. ಕಟ್ಟನ್ನು ಬಿಚ್ಚಿದ ವಾರಕ್ಕೆ ನಮ್ಮ ತಂಗಿಯ ಮಗಳು ಮಗುವನ್ನು ಎತ್ತಿಕೊಂಡು ಬಂದಳು. ತಾಯಿಯವರು ಬಹಳ ಹೊತ್ತು ನೋಡಿ, ಮೂಗು ಅಜ್ಜನದಲ್ಲವೆಂದು ತೀರ್ಪು ಕೊಟ್ಟರು.

ತಂತಿಯು ಆ ಬೇಸಗೆಯೆಲ್ಲ ಬಿಗಿಯಾಗಿಯೇ ನಿಂತಿತು. ಮಳೆಗಾಲದಲ್ಲಿ ಮಡಿಕೇರಿಗೆ ಹೋಗಬೇಕಾಗಿ ಬಂದು, ಮುಂದಿನ ಗಾಜಿಗೆ ಕವಿಯುವ ಮಂಜನ್ನು ಕರಗಿಸಲು ಬಿಸಿಗಾಳಿಯೂ ಬೇಕಾಗುತ್ತದೆಂದು ತಿಳಿದಾಗ, ೨,೧೦೦ ರೂಪಾಯಿ ಕೊಟ್ಟು ಹೊಸ ಮೋಟಾರನ್ನು ತಂದು ಹಾಕಿಸಿದೆವು.